ದುಡಿಯ ಸದ್ದಿನಲ್ಲಿ ಮುಳುಗಿದ ಸಾಲ

ವಿದ್ಯಾರಣ್ಯಪುರಂನ ಓದುಗರ ಬಳಗವೊಂದು ಈಚೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಚರ್ಚೆಗೆ ಎತ್ತಿಕೊಂಡಿತ್ತು. ಮಾತಾಡಿದವರೆಲ್ಲ ದುಡಿ, ಎತ್ತು, ಬೇಸಾಯದ ಕನಸು ಎಂದರು. ವಿಮರ್ಶಕರು ಬಹುಕಾಲದಿಂದ ಹಾಕಿಕೊಟ್ಟ ದಾರಿಯದು. ಬಿ.ವಿ. ಕಾರಂತರ 1975ರ ಸಿನಿಮಾ ಸ್ವರ್ಣಕಮಲ ಪಡೆದ ಮೇಲಂತೂ ದುಡಿಯೇ ಕಾದಂಬರಿಯಾಗಿಬಿಟ್ಟಿದೆ. ನನ್ನ ಮಟ್ಟಿಗೆ ಇದರ ಜೀವ ಇರುವುದು ಕಾಫಿ ತೋಟದ ಸಾಲದಲ್ಲಿ.

ಆ ಭಾಗವನ್ನು ನಿಧಾನವಾಗಿ ಓದಬೇಕು. ತೋಟದ ರೈಟರ್ ಮನ್ವೇಲ ಚೋಮನ ಸಾಲದ ವಸೂಲಿಗೆ ಬರುತ್ತಾನೆ. ಅವನ ಕೈಯಲ್ಲಿ ಕೋಲಿಲ್ಲ, ಲೆಕ್ಕವಿದೆ. ಚೋಮ ತನ್ನ ಮಕ್ಕಳಾದ ಚನಿಯ, ಗುರುವರನ್ನು ಘಟ್ಟಕ್ಕೆ ಕಳಿಸುತ್ತಾನೆ. ಚನಿಯ ಕಾಯಿಲೆಗೆ ಬಲಿಯಾಗುತ್ತಾನೆ, ಗುರುವ ಕ್ರೈಸ್ತನಾಗಿ ಅಲ್ಲೇ ನಿಲ್ಲುತ್ತಾನೆ, ಸಾಲ ಹಾಗೇ ಉಳಿಯುತ್ತದೆ. ಎರಡು ಜೀವಗಳ ದುಡಿಮೆಗೆ ತೀರದ ಸಾಲ ಕೊನೆಗೆ ತೀರುವುದು ತೋಟದ ಧಣಿ, ಅಲ್ಲಿಗೆ ದುಡಿಯಲು ಹೋದ ಚೋಮನ ಮಗಳು ಬೆಳ್ಳಿಯ ಮೈಮೇಲೆ ಬಿದ್ದ ಬಳಿಕ. ಅವಳು ಊರಿಗೆ ಬಂದು ಸಾಲ ತೀರಿತೆನ್ನುತ್ತಾಳೆ, ಹೇಗೆಂದು ಬಿಡಿಸಿ ಹೇಳುವುದಿಲ್ಲ. ದುಡಿಮೆಗೆ ಆ ಲೆಕ್ಕದಲ್ಲಿ ಬೆಲೆಯೇ ಇರಲಿಲ್ಲವೆಂದು ಕಾರಂತರು ಒಂದು ಮಾತನ್ನೂ ವಿವರಿಸದೆ ತೋರಿಸಿದ್ದಾರೆ.

ಇದನ್ನು ವಿಧಿಯ ಆಟವೆಂದು ಓದುವ ವಿಮರ್ಶಕರ ಮೇಲೆ ನನಗೆ ಸಿಟ್ಟಿದೆ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಜೈಲಿಗೆ ಹಾಕಬಹುದೆಂದು ಬ್ರಿಟಿಷರು 1859ರಲ್ಲೇ ಕಾಯ್ದೆ ಮಾಡಿದ್ದರು. ಅದರ ರದ್ದತಿಗೆ 1925ರವರೆಗೆ ಕಾಯಬೇಕಾಯಿತು. ಕಾದಂಬರಿ ಬರುವಷ್ಟರಲ್ಲಿ ಕಾನೂನು ಹೋಗಿತ್ತು, ಸಾಲದ ಹಿಡಿತ ಸಡಿಲಿರಲಿಲ್ಲ. ಬಲವಂತದ ದುಡಿಮೆ ಎಲ್ಲೆಡೆ ಹೀಗೆ ಮರೆಯಲ್ಲಿ ನಡೆದದ್ದಲ್ಲ: 1570ರ ದಶಕದಲ್ಲಿ ಪೆರುವಿನ ಸ್ಪ್ಯಾನಿಷ್ ವೈಸರಾಯ್ ತೊಲೆದೊ, ಗೊತ್ತುಮಾಡಿದ ಪ್ರಾಂತ್ಯಗಳ ಮೂಲನಿವಾಸಿ ಗಂಡಸರಲ್ಲಿ ಏಳರಲ್ಲೊಬ್ಬರು ಸರದಿಯಂತೆ ಪೊಟೊಸಿಯ ಬೆಳ್ಳಿಗಣಿಗೆ ದುಡಿಯಲು ಹೋಗಬೇಕೆಂದು ವಿಧಿಸಿದ. ಅಲ್ಲಿ ಆಳನ್ನು ಎಳೆದದ್ದು ಸರ್ಕಾರದ ಆಜ್ಞೆ. ಇಲ್ಲಿ ಅಪ್ಪನೇ ಮಕ್ಕಳನ್ನು ಕಳಿಸಬೇಕಾಯಿತು, ಹಾಗಾಗಿ ಬಲವಂತ ಮಾಡಿದವರ ಹೆಸರು ಎಲ್ಲೂ ಬರುವುದಿಲ್ಲ.

ಕಾದಂಬರಿಯಲ್ಲಿ ಕೊರತೆ ಇಲ್ಲವೆಂದಲ್ಲ. ಬೆಳ್ಳಿಯ ಮನಸ್ಸಿನೊಳಗೆ ಲೇಖಕರು ಇನ್ನಷ್ಟು ಹೊತ್ತು ಇರಬೇಕಿತ್ತು. ಆದರೂ ಮನೆಯ ಸಾಲವನ್ನು ತೀರಿಸಿದವಳು ಅವಳೇ. ಅವಳನ್ನು ಚೋಮನ ದುರಂತದ ಒಂದು ಕಾರಣವಾಗಿ ಮಾತ್ರ ಕಾಣುವ ವಿಮರ್ಶೆ, ಮನೆಯಿಂದ ಅವಳನ್ನು ಹೊರಗಟ್ಟಿದ ಚೋಮನ ಕಣ್ಣಿನಿಂದಲೇ ಕಾದಂಬರಿಯನ್ನು ಓದುತ್ತಿದೆ.