ಹಾಡಿಗೆ ಕಿವಿಗೊಡದ ತಿದ್ದುಪಡಿ

ಬ್ರಿಟನ್ನಿನ ಎ-ಲೆವೆಲ್ ಮೀಡಿಯಾ ಸ್ಟಡೀಸ್ ವಿದ್ಯಾರ್ಥಿಗಳಿಗೆ ಮ್ಯೂಸಿಕ್ ವಿಡಿಯೊ ಬಹುಕಾಲದಿಂದ ಅಚ್ಚುಮೆಚ್ಚಿನ ಪ್ರಾಯೋಗಿಕ ಕೆಲಸ. ಓಸಿಆರ್ ಪರೀಕ್ಷಾ ಮಂಡಳಿ 2008ರಲ್ಲಿ ಜಾರಿಗೆ ತಂದ ಪಠ್ಯಕ್ರಮದ ಜಿ324 ಘಟಕದಲ್ಲಿ ಆಲ್ಬಮ್ ಒಂದರ ಪ್ರಚಾರಕ್ಕಾಗಿ ವಿಡಿಯೊ ಮಾಡುವುದು ಆಯ್ಕೆಗಳಲ್ಲೊಂದಾಗಿತ್ತು. ಒಟ್ಟು 100 ಅಂಕಗಳಲ್ಲಿ 20 ಸಂಶೋಧನೆ ಮತ್ತು ಯೋಜನೆಗೆ, 60 ನಿರ್ಮಾಣಕ್ಕೆ, ಉಳಿದ 20 ವಿದ್ಯಾರ್ಥಿಯೇ ಬರೆಯುವ ಮೌಲ್ಯಮಾಪನಕ್ಕೆ ಮೀಸಲಾಗಿದ್ದವು. ಆ ಮೌಲ್ಯಮಾಪನದ ನಾಲ್ಕು ಪ್ರಶ್ನೆಗಳಲ್ಲಿ ಒಂದು, ಪ್ರೇಕ್ಷಕರ ಪ್ರತಿಕ್ರಿಯೆಯಿಂದ ಏನು ಕಲಿತಿರಿ ಎಂಬುದಾಗಿತ್ತು. ಈ ಪ್ರಶ್ನೆಯ ಸುತ್ತ ಒಂದು ಪದ್ಧತಿಯೇ ಬೇರೂರಿತು: ತರಗತಿಯ ಮುಂದೆ ಪರಿಕಲ್ಪನೆ ಮಂಡಿಸುವುದು, ಟೀಕೆ ಕೇಳಿಸಿಕೊಳ್ಳುವುದು, ಪರಿಕಲ್ಪನೆಯನ್ನು ತಿದ್ದಿ ಮತ್ತೆ ಮಂಡಿಸುವುದು. ಸೃಜನಶೀಲತೆಯನ್ನು ಕಲಿಸುವ ದಾರಿ ಎಂಬ ಹೆಸರು ಇದಕ್ಕಿದೆ. ಆ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಪದ್ಧತಿಗೆ ಗುಣಗಳಿಲ್ಲ ಎಂದಲ್ಲ. ಚಿತ್ರೀಕರಣಕ್ಕೆ ಮೊದಲೇ ತಪ್ಪು ಕಂಡರೆ ಕಾಗದದ ಮೇಲೆ ಸರಿಪಡಿಸಬಹುದು. ಕ್ಯಾಮೆರಾ, ನಟರು, ಸ್ಥಳ ಎಲ್ಲ ಒಟ್ಟುಗೂಡಿದ ಮೇಲೆ ಕಂಡರೆ ದಿನವೇ ಹಾಳು. ತನ್ನ ಮನಸ್ಸಿನಲ್ಲಿರುವುದು ನೋಡುವವರಿಗೂ ಕಾಣುತ್ತದೆ ಎಂಬ ಹದಿನೇಳರ ವಯಸ್ಸಿನ ನಂಬಿಕೆಗೆ ಪೆಟ್ಟು ಬೀಳುವುದೂ ಒಳ್ಳೆಯದೇ. ಆದರೆ ತಿದ್ದುಪಡಿಯ ಹೆಸರಿನಲ್ಲಿ ನಡೆಯುವುದೇನು ಎಂದು ನೋಡಿದಾಗ ಈ ಮೆಚ್ಚುಗೆ ಉಳಿಯುವುದಿಲ್ಲ.

ಇಂಥ ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪರಿಕಲ್ಪನೆಯೊಂದನ್ನು ತೆಗೆದುಕೊಳ್ಳಬಹುದು. ಪ್ರೀತಿ ಮುರಿದುಬಿದ್ದ ಹಾಡು. ಹುಡುಗಿಯೊಬ್ಬಳು ಒಂಟಿಯಾಗಿ ಬೀದಿಯಲ್ಲೋ ಕಡಲತೀರದಲ್ಲೋ ನಡೆಯುತ್ತಾಳೆ, ನಡೆಯುತ್ತಲೇ ಹಾಡುತ್ತಾಳೆ. ತರಗತಿಯ ಟೀಕೆ ಬಹುಮಟ್ಟಿಗೆ ಮೊದಲೇ ಗೊತ್ತಿರುವಂಥದ್ದು: ಕಥೆ ಸ್ಪಷ್ಟವಾಗಿಲ್ಲ, ಏನೂ ನಡೆಯುವುದಿಲ್ಲ, ಬೇಸರ ಬರುತ್ತದೆ. ತಿದ್ದಿದ ಆವೃತ್ತಿಯಲ್ಲಿ ಹುಡುಗನೊಬ್ಬ ಬರುತ್ತಾನೆ. ಫ್ಲ್ಯಾಶ್‌ಬ್ಯಾಕುಗಳು ಬರುತ್ತವೆ, ಹಳೆಯ ದಿನಗಳಿಗೆ ಬೆಚ್ಚನೆಯ ಹಳದಿ, ಇಂದಿನ ದಿನಕ್ಕೆ ತಣ್ಣನೆಯ ನೀಲಿ. ಹರಿದ ಫೋಟೊ, ಉತ್ತರ ಬಾರದ ಫೋನು, ಕೊನೆಗೆ ಕೆಫೆಯ ಕಿಟಕಿಯಾಚೆ ಅವನ ಪಕ್ಕದಲ್ಲಿ ಇನ್ನೊಬ್ಬಳು. ತರಗತಿಗೆ ತೃಪ್ತಿಯಾಗುತ್ತದೆ. ಜಿ324ರ ಮೌಲ್ಯಮಾಪನದಲ್ಲಿ ಬರೆಯಲು ಅಚ್ಚುಕಟ್ಟಾದ ಒಂದು ಪ್ಯಾರಾವೂ ಸಿಗುತ್ತಿತ್ತು.

ಹಾಡಿನ ಕಡೆಯಿಂದ ನೋಡಿದರೆ ಈ ತಿದ್ದುಪಡಿ ಹಾನಿಯೇ. ಪಾಪ್ ಗೀತೆಯ ಕಟ್ಟು ಪಲ್ಲವಿ ಮತ್ತು ಚರಣಗಳದ್ದು. ಚರಣದ ಮಾತು ಮುಂದೆ ಸಾಗುತ್ತದೆ; ಪಲ್ಲವಿ ಅದೇ ಮಾತು, ಅದೇ ರಾಗದೊಂದಿಗೆ ಮರಳಿ ಬರುತ್ತದೆ. ಹೀಗೆ ಮರಳುವುದು ಕಥೆಗೆ ಒಗ್ಗದು. ಮೊದಲ ಪಲ್ಲವಿಯಲ್ಲಿ ಜೋಡಿ ನಗುವ ದೃಶ್ಯ ಹಾಕಿದರೆ ಎರಡನೆಯದಕ್ಕೆ ಏನು ಹಾಕುವುದು? ಅದೇ ನಗುವನ್ನು ಮತ್ತೆ ತೋರಿಸಿದರೆ ಕಥೆ ನಿಂತಲ್ಲೇ ನಿಲ್ಲುತ್ತದೆ, ಜಗಳ ತೋರಿಸಿದರೆ ಪಲ್ಲವಿ ಮರಳಿ ಬಂದದ್ದೇ ಕಣ್ಣಿಗೆ ಗೊತ್ತಾಗುವುದಿಲ್ಲ. ಮೂರನೆಯ ಸಲ ಪಲ್ಲವಿ ವಾದ್ಯಗಳ ತುಂಬು ದನಿಯೊಂದಿಗೆ ಏರುವ ಹೊತ್ತಿಗೆ ಕಥೆ ಮುಗಿದೇ ಹೋಗಿರುತ್ತದೆ; ಸಂಕಲನಕಾರ ಹಿಂದಿನ ಶಾಟುಗಳನ್ನೇ ಸ್ಲೋ ಮೋಷನ್ನಿನಲ್ಲಿ ಎಳೆದು ಜಾಗ ತುಂಬುತ್ತಾನೆ. ಹಾಡು ಶಿಖರ ಮುಟ್ಟುವ ಕ್ಷಣದಲ್ಲೇ ಚಿತ್ರ ಬರಿಗೈಯಾಗಿ ನಿಲ್ಲುತ್ತದೆ. ಏನೂ ನಡೆಯುವುದಿಲ್ಲ ಎಂಬ ದೂರಿಗೆ ಕೊಟ್ಟ ಪರಿಹಾರ, ಎಲ್ಲವೂ ಬೇಗ ನಡೆದು ಮುಗಿದುಹೋಗುವ ಇನ್ನೊಂದು ದೋಷವನ್ನು ತಂದಿಟ್ಟಿತು.

ಮ್ಯೂಸಿಕ್ ವಿಡಿಯೊ ವಿದ್ವಾಂಸೆ ಕ್ಯಾರಲ್ ವರ್ನಾಲಿಸ್ 2004ರ ತಮ್ಮ ಪುಸ್ತಕದಲ್ಲಿ ಈ ತೊಡಕನ್ನು ವಿವರವಾಗಿ ಚರ್ಚಿಸಿದ್ದಾರೆ. ಮ್ಯೂಸಿಕ್ ವಿಡಿಯೊಗಳಲ್ಲಿ ಪೂರ್ಣ ಕಥನ ವಿರಳ; ಇದ್ದರೂ ಅದು ತುಣುಕು ತುಣುಕಾಗಿರುತ್ತದೆ, ಏಕೆಂದರೆ ಅಲ್ಲಿ ಚಿತ್ರ ಹಾಡಿನ ರೂಪವನ್ನು ಅನುಸರಿಸುತ್ತದೆ ಎಂಬುದು ಅವರ ನಿಲುವು. ಹಾಗಿದ್ದೂ ಕಥೆ ಸ್ಪಷ್ಟವಾಗಿಲ್ಲ ಎಂಬ ಮಾತು ತರಗತಿಯಲ್ಲಿ ದೋಷಪಟ್ಟಿಯ ಮೊದಲ ಸಾಲಾಗಿ ಉಳಿದಿದೆ.

ಇದರಲ್ಲಿ ಮಾಧ್ಯಮ ವಿದ್ವಾಂಸ ಆಂಡ್ರ್ಯೂ ಗುಡ್ವಿನ್ನರ ಹೆಸರಿಗೂ ಪಾಲಿದೆ, ಅವರ ಬರಹಕ್ಕಲ್ಲ. ಗುಡ್ವಿನ್ ಹೇಳಿದ್ದು ಎಂದು ಆರು ಲಕ್ಷಣಗಳ ಪಟ್ಟಿಯೊಂದು ಶಾಲೆಗಳಲ್ಲಿ ಓಡಾಡುತ್ತದೆ: ಸಂಗೀತ ಪ್ರಕಾರದ ಗುರುತುಗಳು, ಸಾಹಿತ್ಯಕ್ಕೂ ದೃಶ್ಯಕ್ಕೂ ಸಂಬಂಧ, ಸಂಗೀತಕ್ಕೂ ದೃಶ್ಯಕ್ಕೂ ಸಂಬಂಧ, ಕಲಾವಿದರ ಕ್ಲೋಸಪ್, ನೋಟದ ಆಟ, ಇತರ ಕೃತಿಗಳ ನೆನಪು. ಟೀಕೆ ಮಾಡುವವರು ಈ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋಗುತ್ತಾರೆ. ಟಿಕ್ ಬೀಳದ ಕಡೆ ಏನನ್ನಾದರೂ ಸೇರಿಸು ಎಂಬುದೇ ಸಲಹೆ. ಗುಡ್ವಿನ್ 1992ರಲ್ಲಿ ಪುಸ್ತಕ ಬರೆದದ್ದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಸಿನಿಮಾ ವಿದ್ವಾಂಸೆ ಇ. ಆ್ಯನ್ ಕಪ್ಲಾನ್ 1987ರಲ್ಲಿ ಎಂಟಿವಿಯನ್ನು ಆಧುನಿಕೋತ್ತರ ಸಂಸ್ಕೃತಿಯ ಮಾದರಿಯಾಗಿ ಓದಿದ್ದರು. ಇಂಥ ಓದುಗಳು ಸಿನಿಮಾ ಸಿದ್ಧಾಂತವನ್ನು ಹೊತ್ತು ತಂದು ಸಂಗೀತವನ್ನೇ ಮರೆತವು ಎಂಬುದು ಗುಡ್ವಿನ್ನರ ತಕರಾರು. ಪಾಪ್ ಗೀತೆ ಸಿನಿಮಾದಂತೆ ಕಥೆ ಹೇಳುವುದಿಲ್ಲ, ಹಾಡುಗಾರ ಪಾತ್ರಧಾರಿಯೂ ಹೌದು, ನಿರೂಪಕನೂ ಹೌದು, ತಾರೆಯೂ ಹೌದು ಎಂದು ಅವರು ವಾದಿಸಿದರು. ದೃಶ್ಯವು ಹಾಡನ್ನು ಚಿತ್ರಿಸಬಹುದು, ವಿಸ್ತರಿಸಬಹುದು ಅಥವಾ ಅದರಿಂದ ದೂರ ಸರಿಯಬಹುದು ಎಂಬ ಅವರ ಮೂರು ಬಗೆಗಳಲ್ಲಿ ತರಗತಿಯ ಟೀಕೆ ಮೊದಲನೆಯದನ್ನಷ್ಟೇ ಗೌರವಿಸುತ್ತದೆ. ಸಂಗೀತವನ್ನು ಕೇಳಿ ಎಂದು ಹೇಳಿದವರ ಹೆಸರಿನಲ್ಲೇ ಹಾಡು ಕೇಳದೆ ಅಂಕ ಹಾಕುವ ಪರಿಪಾಠ ನಡೆದಿದೆ. ಕಪ್ಲಾನ್ ಸಂಗೀತವನ್ನು ಬದಿಗಿಟ್ಟಿದ್ದು ಒಂದು ಸಿದ್ಧಾಂತದ ಬಲದಿಂದ. ಪಟ್ಟಿಯವರಿಗೆ ಆ ನೆಪವೂ ಇಲ್ಲ.

ನಿಜವಾದ ತಿದ್ದುಪಡಿ ಹೇಗಿರುತ್ತದೆ ಎಂಬುದಕ್ಕೆ ವೃತ್ತಿಪರರ ಎರಡು ವಿಡಿಯೊಗಳೇ ಉದಾಹರಣೆ. 1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡದ ‘ಅನ್‌ಫಿನಿಶ್ಡ್ ಸಿಂಪತಿ’ಗೆ ಬೇಲಿ ವಾಲ್ಷ್ ಮಾಡಿದ ವಿಡಿಯೊದಲ್ಲಿ ಗಾಯಕಿ ಶಾರಾ ನೆಲ್ಸನ್ ಲಾಸ್ ಏಂಜಲೀಸಿನ ವೆಸ್ಟ್ ಪಿಕೊ ಬುಲೆವಾರ್ಡಿನಲ್ಲಿ ಹಾಡುತ್ತಾ ನಡೆಯುತ್ತಾರೆ. ಕಟ್ ಇಲ್ಲದ ಒಂದೇ ಶಾಟು ಎಂಬಂತೆ ಅದು ಸಾಗುತ್ತದೆ. ಬೀದಿಯ ಜನರತ್ತ ಅವರ ಗಮನವಿಲ್ಲ. ತರಗತಿಯ ದೋಷಪಟ್ಟಿಯ ಪ್ರಕಾರ ಇಲ್ಲಿ ಏನೂ ನಡೆಯುವುದಿಲ್ಲ. 1997ರಲ್ಲಿ ದಿ ವರ್ವ್ ತಂಡದ ‘ಬಿಟರ್ ಸ್ವೀಟ್ ಸಿಂಫನಿ’ಗೆ ವಾಲ್ಟರ್ ಸ್ಟರ್ನ್ ಇದೇ ನಡಿಗೆಯನ್ನು ಎತ್ತಿಕೊಂಡು ಲಂಡನ್ನಿನ ಹಾಕ್ಸ್‌ಟನ್ ಬೀದಿಗೆ ತಂದರು. ಕಥೆ ಸೇರಿಸಲಿಲ್ಲ, ಫ್ಲ್ಯಾಶ್‌ಬ್ಯಾಕ್ ಸೇರಿಸಲಿಲ್ಲ. ಬದಲಾದದ್ದು ಒಂದೇ ನಿಯಮ. ರಿಚರ್ಡ್ ಆಶ್‌ಕ್ರಾಫ್ಟ್ ಯಾರಿಗೂ ದಾರಿ ಬಿಡುವುದಿಲ್ಲ. ಎದುರು ಬಂದವರಿಗೆ ಭುಜ ತಾಗಿಸಿ ಮುನ್ನುಗ್ಗುತ್ತಾರೆ, ಅಡ್ಡ ನಿಂತ ಕಾರಿನ ಬಾನೆಟ್ಟನ್ನೇ ಹತ್ತಿ ದಾಟುತ್ತಾರೆ, ಕಾರಿನವಳು ಬೆನ್ನಟ್ಟಿ ಬೈದರೂ ನಿಲ್ಲುವುದಿಲ್ಲ. ಹಾಡಿನಲ್ಲಿ ಪಿಟೀಲುಗಳ ಒಂದೇ ಸುತ್ತು ಹಟ ಹಿಡಿದಂತೆ ಮರಳಿ ಮರಳಿ ಬರುತ್ತದೆ. ನಡಿಗೆಯ ಹಟ ಅದಕ್ಕೆ ಸರಿಸಾಟಿ. ಪಲ್ಲವಿ ಬಂದಾಗಲೆಲ್ಲ ಹೊಸ ಘಟನೆ ಬೇಕಾಗುವುದಿಲ್ಲ, ಮತ್ತೊಂದು ಡಿಕ್ಕಿ ಸಾಕು. ಮರಳುವುದನ್ನೇ ಬಂಡವಾಳ ಮಾಡಿಕೊಂಡ ಪರಿಕಲ್ಪನೆಗೆ ಹಾಡಿನ ಕೊನೆಯವರೆಗೂ ಕಸುವು ಇಳಿಯುವುದಿಲ್ಲ.

ಹಾಗಾಗಿ ಕಥೆ ಸ್ಪಷ್ಟವಾಗಿಲ್ಲ ಎಂಬ ಟೀಕೆ ಬಂದಾಗ ವಿದ್ಯಾರ್ಥಿ ಮೊದಲು ಕೇಳಿಕೊಳ್ಳಬೇಕಾದದ್ದು, ನೋಡುಗರಿಗೆ ನಿಜವಾಗಿ ಬೇಸರ ತಂದದ್ದು ಏನು ಎಂದು. ಅದು ಬಹಳ ಸಲ ಕಥೆಯ ಕೊರತೆಯಲ್ಲ, ಬದಲಾವಣೆಯ ಕೊರತೆ: ಹಾಡು ಏರಿದಾಗಲೂ ಇಳಿದಾಗಲೂ ಚಿತ್ರ ಒಂದೇ ಹದದಲ್ಲಿ ಇರುತ್ತದೆ. ಟೀಕೆ ರೋಗಲಕ್ಷಣವನ್ನು ಸರಿಯಾಗಿ ಹೇಳಿ ಮದ್ದನ್ನು ತಪ್ಪಾಗಿ ಸೂಚಿಸುತ್ತದೆ. ತಿದ್ದುವ ಕೆಲಸ ಸ್ಟೋರಿಬೋರ್ಡಿನಿಂದ ಶುರುವಾಗಬಾರದು, ಹಾಡಿನ ನಕ್ಷೆಯಿಂದ ಶುರುವಾಗಬೇಕು: ಚರಣ ಎಲ್ಲಿ, ಪಲ್ಲವಿ ಎಷ್ಟು ಸಲ, ಡ್ರಮ್ ಎಲ್ಲಿ ಬೀಳುತ್ತದೆ, ದನಿ ಎಲ್ಲಿ ಒಂಟಿಯಾಗುತ್ತದೆ. ಆಮೇಲೆ ಒಂಟಿ ಹುಡುಗಿಯ ನಡಿಗೆಯಲ್ಲೇ ಬದಲಿಸಲು ಬೇಕಾದಷ್ಟು ಸಿಗುತ್ತದೆ: ವೇಗ, ದಿಕ್ಕು, ಕ್ಯಾಮೆರಾದಿಂದ ದೂರ, ಅವಳು ನಿಲ್ಲುವ ಒಂದು ಜಾಗ.

ಅಂಕ ಕೊಡುವವರಿಗೂ ಇದು ಅನ್ವಯಿಸುತ್ತದೆ. ಎಷ್ಟು ಸಲಹೆಗಳನ್ನು ಅಳವಡಿಸಿಕೊಂಡಿದ್ದಾರೆ ಎಂಬುದು ತಿದ್ದುಪಡಿಯ ಅಳತೆಗೋಲಾದರೆ, ಒಳ್ಳೆಯ ಪರಿಕಲ್ಪನೆಯನ್ನು ಟೀಕೆಯಿಂದ ಕಾಪಾಡಿಕೊಂಡ ವಿದ್ಯಾರ್ಥಿಗೆ ಅಂಕ ಸಿಗುವುದಿಲ್ಲ. ಕಾರಣ ಕೊಟ್ಟು ತಿರಸ್ಕರಿಸಿದ ಸಲಹೆಗೂ ಅಳವಡಿಸಿಕೊಂಡ ಸಲಹೆಯಷ್ಟೇ ಬೆಲೆ ಇರಬೇಕು. ಅದಿಲ್ಲದಿರುವವರೆಗೆ ಈ ಪದ್ಧತಿ ಕಲಿಸುವುದು ವಿಧೇಯತೆಯನ್ನು, ವಿಡಿಯೊ ಮಾಡುವುದನ್ನಲ್ಲ.