ಲೋಹಾಭ: ಒಂದು ಪದವಿಚಾರ

ಚೆನ್ನೈ ನಗರದ ಉತ್ತರ ಭಾಗದಲ್ಲಿರುವ ಮಾಧವರಂನಲ್ಲಿ ತಮಿಳು ಮಾಧ್ಯಮದ ರಸಾಯನಶಾಸ್ತ್ರ ಪಠ್ಯವೊಂದನ್ನು ತಿರುವಿಹಾಕುತ್ತಿದ್ದಾಗ ನಮ್ಮ ಗಮನವನ್ನು ಸೆಳೆದ ಪದ 'ಉಲೋಗಪ್ಪೋಲಿ'. ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್ ಮೊದಲಾದ, ಲೋಹದಂತೆ ತೋರಿಯೂ ಪೂರ್ಣವಾಗಿ ಲೋಹವಲ್ಲದ ಧಾತುಗಳಿಗೆ ತಮಿಳಿನಲ್ಲಿ ಸಂದಿರುವ ಹೆಸರಿದು. ಕನ್ನಡ ಪಠ್ಯಗಳಲ್ಲಿ ಇದೇ ವರ್ಗಕ್ಕೆ 'ಲೋಹಾಭ' ಎನ್ನುತ್ತಾರೆ. ತಮಿಳು ಪದ ದೇಶ್ಯ, ಕನ್ನಡದ್ದು ಸಂಸ್ಕೃತದ ಹೊರೆ ಎಂಬ ಆಕ್ಷೇಪ ಇಂಥಲ್ಲಿ ಸುಲಭವಾಗಿ ಹುಟ್ಟುತ್ತದೆ. ಅದು ಎಷ್ಟರಮಟ್ಟಿಗೆ ಸಾಧು ಎಂಬುದು ವಿಚಾರಣೀಯ.

ತಮಿಳು ಪದದ ಪೂರ್ವಾರ್ಧವೂ ಸಂಸ್ಕೃತ ಮೂಲದ್ದೇ. ಲಕಾರವು ಪದಾದಿಯಲ್ಲಿ ನಿಲ್ಲದೆಂಬ ತಮಿಳಿನ ನಿಯಮಕ್ಕೆ ಒಳಗಾಗಿ ಉಕಾರವೊಂದು ಮುಂದೆ ಸೇರಿದೆ, ಅಷ್ಟೆ. ಆ 'ಲೋಹ'ವಾದರೂ ಮೊದಲು ಲೋಹವಾಚಿಯಲ್ಲ, ವರ್ಣವಾಚಿ. ಕೆಂಪು ಎಂಬ ಅರ್ಥದಿಂದ ತಾಮ್ರಕ್ಕೆ, ಮುಂದೆ ಕಬ್ಬಿಣಕ್ಕೆ, ಕೊನೆಗೆ ಸಮಸ್ತ ವರ್ಗಕ್ಕೆ ಅದು ವ್ಯಾಪಿಸಿತು. 'ಲೋಹಿತ' ಶಬ್ದದಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ. ದ್ರಾವಿಡ ಭಾಷೆಗಳ ದಾರಿಯೂ ಇದೇ. ಬೆಳ್ಪಿನಿಂದ ಬೆಳ್ಳಿ, ಕರಿಯ ಪೊನ್ ಕರ್ಬೊನ್ ಆಗಿ ಕಬ್ಬುನ, ಕಬ್ಬಿಣ. ಕಬ್ಬಿಣವನ್ನು 'ಕರಿಯ ಪೊನ್' ಎನ್ನಬೇಕಾದರೆ ಪೊನ್ ಎಂಬುದಕ್ಕೆ ಚಿನ್ನವೆಂದಷ್ಟೇ ಅಲ್ಲದೆ ಲೋಹಸಾಮಾನ್ಯ ಎಂಬ ಅರ್ಥವೂ ಇದ್ದಿರಲೇಬೇಕು. ಪಂಚಲೋಹವನ್ನು ತಮಿಳು ಇಂದಿಗೂ 'ಐಂಪೊನ್' ಎನ್ನುತ್ತದೆ. ಕನ್ನಡದ ಹೊನ್ನು ಚಿನ್ನಕ್ಕೂ ನಾಣ್ಯಕ್ಕೂ ಸಂಕುಚಿತವಾಯಿತು. ತೆರವಾದ ಸ್ಥಾನವನ್ನು ಲೋಹ ತುಂಬಿತು. ನಷ್ಟವಾಗಿದ್ದರೆ ಅದು ಇಲ್ಲಿ ಆಗಿದೆ, ಪಠ್ಯಪುಸ್ತಕದ ಕಾಲದಲ್ಲಲ್ಲ.

ಉತ್ತರಾರ್ಧದ ಮಾತು ಬೇರೆ. 'ಪೋಲಿ' ಎಂಬುದು ಪೋಲ್ ಧಾತುವಿನಿಂದ ಬಂದದ್ದು. ಹಳಗನ್ನಡದಲ್ಲೂ ಅದೇ ಧಾತು, ಪಕಾರವು ಹಕಾರವಾಗಿ ಇಂದಿನ 'ಹೋಲು'. ತಮಿಳು ವ್ಯಾಕರಣದಲ್ಲಿ ಒಂದಕ್ಷರದ ಎಡೆಯಲ್ಲಿ ಇನ್ನೊಂದು ಬಂದರೂ ಅರ್ಥ ಕೆಡದಿರುವುದಕ್ಕೆ ಪೋಲಿ ಎಂದೇ ಪರಿಭಾಷೆ. ಆದರೆ ಬೀದಿಯ ಮಾತಿನಲ್ಲಿ ನಕಲಿ ವೈದ್ಯನೂ ಪೋಲಿಯೇ. ಆದುದರಿಂದ ಉಲೋಗಪ್ಪೋಲಿಯಲ್ಲಿ ವಂಚನೆಯ ಛಾಯೆಯೊಂದು ಸುಳಿಯುತ್ತದೆ. (ಕನ್ನಡದ 'ಪೋಲಿ'ಯನ್ನು ಇಲ್ಲಿಗೆ ತಂದರೆ ಆಗುವ ಅನಾಹುತವನ್ನು ಓದುಗರೇ ಊಹಿಸಬಹುದು.) 'ಆಭ' ಹಾಗಲ್ಲ. 'ಆಭಾ' ಎಂದರೆ ಕಾಂತಿ. ಸಮಾಸದ ಕೊನೆಯಲ್ಲಿ 'ಅದರಂತೆ ತೋರುವ' ಎಂದರ್ಥ. ಸಿಲಿಕಾನ್ ಲೋಹದಂತೆ ಹೊಳೆಯುತ್ತದೆ, ಬಡಿದರೆ ತಗಡಾಗದೆ ಒಡೆಯುತ್ತದೆ. ಹೊಳಪು ಮತ್ತು ಹೋಲಿಕೆ ಎರಡನ್ನೂ ಒಂದೇ ಪ್ರತ್ಯಯಸದೃಶ ಶಬ್ದದಲ್ಲಿ ಹಿಡಿದವರು ಚೆನ್ನಾಗಿಯೇ ಆಲೋಚಿಸಿದ್ದಾರೆ.

'ಅರೆವಾಹಕ' ಒಪ್ಪಿಗೆಯಾಗಿರುವಾಗ 'ಅರೆಲೋಹ' ಏಕಾಗದು ಎಂದು ಕೇಳಬಹುದು. ವಾಹಕತೆಯನ್ನು ಅಳೆಯಬಹುದು, ಲೋಹತ್ವವನ್ನು ಅರ್ಧಕ್ಕೆ ಕತ್ತರಿಸುವುದು ಹೇಗೆ? ಪಾಶ್ಚಾತ್ಯ ಪದವಾದ 'ಮೆಟಲಾಯ್ಡ್' ಕೂಡ ಗ್ರೀಕಿನ ಗಣಿವಾಚಕಕ್ಕೆ ರೂಪವಾಚಕವನ್ನು ಸೇರಿಸಿ ಮಾಡಿದ್ದು. ಅದೂ ಸ್ಥಿರವಾಗಿರಲಿಲ್ಲ: 1811ರಲ್ಲಿ ಬರ್ಜೀಲಿಯಸ್ ಅದನ್ನು ಬಳಸಿದ್ದು ಅಲೋಹಗಳಿಗೆ. ಕನ್ನಡ ಪದಕ್ಕೆ ಆ ಗೊಂದಲದ ಪೂರ್ವಚರಿತ್ರೆ ಅಂಟಿಲ್ಲ.

ನಮ್ಮ ತಕರಾರು ಒಂದೇ. 'ಲೋಹಾಭ' ರಚನೆಯಲ್ಲಿ ವಿಶೇಷಣ, ಬಳಕೆಯಲ್ಲಿ ನಾಮಪದ. ಲೋಹದ ಗುಣವುಳ್ಳ ಯಾವುದನ್ನೇ ಆಗಲಿ ಹೀಗೆ ವಿಶೇಷಿಸತೊಡಗಿದರೆ ಪರಿಭಾಷೆ ಸಡಿಲವಾಗುತ್ತದೆ. ಗುಣಕ್ಕೆ 'ಲೋಹೀಯ' ಇದೆ. 'ಲೋಹೀಯ ಹೊಳಪು' ಸರಿ. 'ಲೋಹಾಭ ಹೊಳಪು' ಎಂದರೆ ಕಾಂತಿಯನ್ನು ಎರಡು ಬಾರಿ ಹೇಳಿದಂತಾಗುತ್ತದೆ. ನಿಘಂಟುಕಾರರು ಇವೆರಡನ್ನೂ ಒಂದೇ ಉಲ್ಲೇಖದಡಿ ಕೊಡದೆ ಬೇರೆ ಬೇರೆಯಾಗಿ ನಮೂದಿಸುವುದು ಅವಶ್ಯ.