ಜೇಬಿನಲ್ಲಿ ಅಡಗುವ ವಾದ್ಯ

ಪಿಯಾನೊ ಹೊತ್ತುಕೊಂಡು ಓಡಲಾಗದು. ಮೌತ್ ಆರ್ಗನ್ ಜೇಬಿನಲ್ಲೇ ಕೂರುತ್ತದೆ. ಅಮೆರಿಕದ ಲೇಖಕಿ ಪ್ಯಾಮ್ ಮುನ್ಯೋಸ್ ರಯಾನ್ ಮಕ್ಕಳಿಗಾಗಿ ಬರೆದ ‘ಎಕೋ’ (2015) ಕಾದಂಬರಿಯ ಜಾಣ್ಮೆ ಈ ವಾದ್ಯದ ಆಯ್ಕೆಯಿಂದಲೇ ಶುರುವಾಗುತ್ತದೆ.

1933, ಜರ್ಮನಿಯ ಟ್ರೋಸಿಂಗನ್. ಮೌತ್ ಆರ್ಗನ್ ತಯಾರಿಸುವ ಹೋನರ್ ಕಾರ್ಖಾನೆಯಲ್ಲಿ ದುಡಿಯುವ ಹುಡುಗ ಫ್ರೀಡ್ರಿಕ್‌ನ ಮುಖದ ಮಚ್ಚೆಯೇ ನಾಜಿಗಳ ಕಣ್ಣಿಗೆ ಅಪರಾಧ. ತಂದೆಯನ್ನು ಡಾಖಾವ್ ಶಿಬಿರಕ್ಕೆ ಒಯ್ಯುತ್ತಾರೆ. ಫ್ರೀಡ್ರಿಕ್ ನುಡಿಸಿದ ಮೌತ್ ಆರ್ಗನ್ ಸಾಗರ ದಾಟಿ 1935ರ ಪೆನ್ಸಿಲ್ವೇನಿಯಾದ ಅನಾಥ ಅಣ್ಣತಮ್ಮಂದಿರಿಗೆ, ಆಮೇಲೆ 1942ರ ಕ್ಯಾಲಿಫೋರ್ನಿಯಾದ ಐವಿ ಲೋಪೆಜ್‌ಗೆ ಸಿಗುತ್ತದೆ. ಅಮೆರಿಕ ಸರ್ಕಾರ ಜಪಾನೀ ಮೂಲದವರನ್ನು ಶಿಬಿರಗಳಿಗೆ ಅಟ್ಟಿದ ಕಾಲವದು. ಹಾಗೆ ಹೋದ ಯಾಮಾಮೊಟೊ ಕುಟುಂಬದ ತೋಟವನ್ನು ಐವಿಯ ಮನೆಯವರು ಕಾಯುತ್ತಾರೆ. ಮೆಕ್ಸಿಕನ್ ಮೂಲದ ಐವಿಯನ್ನೂ ಬಿಳಿಯರ ಶಾಲೆಗೆ ಸೇರಿಸದೆ ಬೇರೆ ಶಾಲೆಗೆ ಕಳಿಸುತ್ತಾರೆ.

ಕಟ್ಟಿರುವ ಬಗೆ ನೋಡಿ.

ಪ್ರತಿ ಭಾಗವೂ ಅಪಾಯದ ಅಂಚಿನಲ್ಲಿ ನಿಂತುಬಿಡುತ್ತದೆ, ಮುಂದಿನದು ಬೇರೊಂದು ಊರಿನಲ್ಲಿ ತೆರೆಯುತ್ತದೆ. ಯಾರು ಬದುಕಿದರೆಂದು ತಿಳಿಯಲು ಪುಟಾಣಿ ಓದುಗರು 1951ರ ಕಾರ್ನೆಗಿ ಹಾಲ್‌ನ ಸಂಗೀತ ಕಛೇರಿಯವರೆಗೂ ಕಾಯಬೇಕು. 2016ರಲ್ಲಿ ಮಕ್ಕಳ ಸಾಹಿತ್ಯದ ನ್ಯೂಬೆರಿ ಆನರ್ ಗೌರವ ಪಡೆದ ಈ ಕೃತಿಯ ಆಡಿಯೊ ಆವೃತ್ತಿ ಇನ್ನೂ ಸೊಗಸು: ಕಥೆಯಲ್ಲಿ ಮಕ್ಕಳು ನುಡಿಸುವ ಸಂಗೀತವನ್ನು ಅಲ್ಲಿ ಕಿವಿಯಾರೆ ಕೇಳಬಹುದು.